ಕಳೆದ ತೂಕ

ಗೋಣಿಕೊಪ್ಪದಲ್ಲಿ, ಕರಿಮೆಣಸಿನ ಮಂಡಿಯ ಮೇಲೆ ನಮ್ಮ ಆಫೀಸು.
ಸಂದರ್ಶನಕ್ಕೆ ಬಂದವರೆಲ್ಲ ಮೊದಲು ಸೀನುತ್ತಾರೆ,
ಆಮೇಲೆ ಹೆಸರು ಹೇಳುತ್ತಾರೆ.

ಜಸೀಲಾ ಇಪ್ಪತ್ತು ನಿಮಿಷ ತಡ.
‘ಮಾಲ್ದಾರೆ ದಾರೀಲಿ ಆನೆ’ ಎಂದಳು,
ಕ್ಷಮೆ ಕೇಳುವ ದನಿಯಲ್ಲಲ್ಲ, ಇದ್ದದ್ದು ಹೇಳುವ ದನಿಯಲ್ಲಿ.
ಇಲ್ಲಿ ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ.

ಕೇಳಿದ್ದು ಬೇರೆ.
ಬಿಳಿ ಹಲಗೆಯ ಮುಂದೆ ನಿಲ್ಲಿಸಿ, ಮಾರ್ಕರ್ ಕೈಗಿತ್ತು
‘ಈ ಮರ ತಿರುವಿ ಹಾಕು’ ಎಂದೆ.
ಬೇರು ಮೇಲೆ, ಎಲೆ ಕೆಳಗೆ, ಕಂಪ್ಯೂಟರಿನವರ ಮರ;
ಎಡದ ಕೊಂಬೆ ಬಲಕ್ಕೆ, ಬಲದ್ದು ಎಡಕ್ಕೆ,
ಒಂದು ಎಲೆಯನ್ನೂ ಬಿಡದೆ.
ಪ್ರಶ್ನೆ ನನ್ನದಲ್ಲ. ಯಾವುದೋ ದೊಡ್ಡ ಕಂಪನಿಯದಂತೆ,
ಚೆಂಗಪ್ಪ ಪ್ರಿಂಟ್ ತೆಗೆದು ತಂದಿದ್ದ,
ಉತ್ತರ ಹಾಳೆಯ ಹಿಂಬದಿಗೆ.
ನಾವು ನಾಲ್ಕು ಜನ. ಮಾಡುವುದು
ತೂಕದ ಯಂತ್ರದಿಂದ ಕಾಫಿಯ ಬಿಲ್ಲಿಗೆ ಅಂಕಿ ಸಾಗಿಸುವ ಕೆಲಸ.

ಎರಡು ಗೆರೆ ಎಳೆದಳು. ಅಳಿಸಿದಳು.
ಮಾರ್ಕರಿನ ಮುಚ್ಚಳ ಹಾಕಿದಳು, ತೆಗೆದಳು.
ಚೆಂಗಪ್ಪ ಗಡಿಯಾರ ನೋಡುವುದನ್ನು ಅವಳು ನೋಡಿದಳು.
ಕೆಳಗೆ ಯಾರೋ ಮೆಣಸು ಜರಡಿ ಹಿಡಿಯುತ್ತಿದ್ದರು,
ಅಷ್ಟು ಹೊತ್ತೂ ಅದೊಂದೇ ಸದ್ದು.

ಕೊನೆಗೆ ತಿರುಗಿ ಕೇಳಿದಳು:
‘ಸಾರ್, ಈ ಮರ ನಿಮ್ಮಲ್ಲಿ ಎಲ್ಲಿ ಬರುತ್ತೆ?’

ಎಲ್ಲೂ ಬರುವುದಿಲ್ಲ.
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ.
ಬಂದದ್ದು ಸಿಡಿಲು ಹೊಡೆದ ಮೋಡೆಮ್,
ಕೀಬೋರ್ಡಿನೊಳಗೆ ಗೂಡು ಹೂಡಿದ ಇರುವೆ,
ಒಂದೇ ಹೆಸರಿನ ಇಬ್ಬರು ಬೆಳ್ಯಪ್ಪಂದಿರು,
ಒಬ್ಬರ ರೊಬಸ್ಟಾ ಇನ್ನೊಬ್ಬರ ಖಾತೆಗೆ ಹೋಗಿ
ಮೆಟ್ಟಿಲು ಹತ್ತಿ ಬಂದ ಜಗಳ.
ಕಾಫಿಯ ರುಚಿ ನೋಡುವವರನ್ನು ಕೆಲಸಕ್ಕೆ ಕರೆದು
ಯಾರೂ ಸಿಲ್ವರ್ ಓಕ್ ಹತ್ತಿಸುವುದಿಲ್ಲವಲ್ಲ.
ಚಮಚ ಕೊಡುತ್ತಾರೆ, ಬಿಸಿನೀರು ಕೊಡುತ್ತಾರೆ,
ಸುಮ್ಮನಿರುತ್ತಾರೆ.

ಹಲಗೆ ಒರೆಸಿದೆ. ಕುರ್ಚಿ ಎಳೆದು ಕೊಟ್ಟೆ.
ಮೂರು ದಿನದಿಂದ ನಮ್ಮ ನಿದ್ದೆ ಕೆಡಿಸಿದ್ದ ಬಿಲ್ಲು, ಅದರ ಕೋಡು
ತೆರೆದಿಟ್ಟು, ‘ಓದು. ಹುಡುಕಬಹುದು, ಕೇಳಬಹುದು’ ಎಂದೆ.
ತುಟಿ ಅಲ್ಲಾಡಿಸುತ್ತ ಓದಿದಳು,
ಬೇರೆಯವರಿಗೆ ಬಂದ ಹಳೇ ಕಾಗದ ಓದುವವರ ಹಾಗೆ.
ಅರ್ಧ ಗಂಟೆ ಕಳೆದ ಮೇಲೆ:
‘ಗೋಣಿಚೀಲದ ತೂಕ ಯಂತ್ರವೇ ಕಳೆಯುತ್ತಲ್ಲ?
ಇಲ್ಲಿ ನೀವು ಮತ್ತೆ ಕಳೆದಿದ್ದೀರಿ.’
ಚೀಲಕ್ಕೆ ಮುಕ್ಕಾಲು ಕಿಲೋ, ಬೆಳೆದವರದ್ದು, ಗಾಳಿಗೆ.
‘ತೇವಾಂಶದ ಲೆಕ್ಕ ಗೊತ್ತಾಗಲಿಲ್ಲ. ಕಲೀಬೇಕು.’
ಆನೆ ಎಂದಾಗಿನ ಅದೇ ದನಿ.

ಚಪ್ಪಲಿ ಮೆಟ್ಟುತ್ತ ಕೇಳಿದಳು:
‘ಆಗಲಿ, ಆಗದಿರಲಿ, ಶನಿವಾರದೊಳಗೆ ಒಂದು ಮಾತು ಹೇಳ್ತೀರಾ?
ಎರಡು ಕಡೆ ಹೇಳಲೇ ಇಲ್ಲ.’
ಚೆಂಗಪ್ಪ ಕಿಟಕಿ ನೋಡಿದ.

ಆ ರಾತ್ರಿ ನಾನೇ ಮರ ತಿರುವಲು ಕೂತೆ.
ಎದುರು ಕೂತು ಗಡಿಯಾರ ನೋಡುತ್ತಿರು ಎಂದೆ ಹೆಂಡತಿಗೆ.
ಏಳನೇ ನಿಮಿಷಕ್ಕೆ ನನ್ನ ಹೆಸರಿನ ಕಾಗುಣಿತವೇ ಮರೆತಿತ್ತು.
ಅವಳು ನಕ್ಕು ಮಲಗಲು ಹೋದಳು.
ಹೋದ ಮೇಲೆ ಬಿಡಿಸಿದೆ.
ಹೇಳಿಕೊಳ್ಳುವಂಥದ್ದೇನಲ್ಲ, ಆರು ಸಾಲು.

ಬೆಳಿಗ್ಗೆ ಜಸೀಲಾಗೆ ಫೋನು. ‘ಸೋಮವಾರ ಬಾ.
ಆನೆ ಇದ್ದರೆ ಮಂಗಳವಾರ.’
ಆಮೇಲೆ ಫೈಲು ತೆಗೆದೆ. ಅವಳಿಗಿಂತ ಮೊದಲು
ಇದೇ ಹಲಗೆಯ ಮುಂದೆ ನಿಂತು ಬೆವೆತವರು ಏಳು ಜನ,
ಒಬ್ಬರಿಗೂ ಹೂಂ, ಊಹೂಂ ಏನೂ ಹೇಳಿರಲಿಲ್ಲ ನಾವು.
ಒಬ್ಬೊಬ್ಬರಿಗೇ ಮಾಡಿದೆ.
ಒಬ್ಬಳು ‘ಯಾವ ಆಫೀಸು?’ ಎಂದಳು.
ಮೂರನೆಯವನ ನಂಬರು ಈಗ ಬೇರೆ ಯಾರದೋ,
ವಿರಾಜಪೇಟೆಯ ಮೀನಂಗಡಿ, ಹಿಂದೆ ಕತ್ತಿಯ ಸದ್ದು.
‘ರಾಂಗ್ ನಂಬರು’ ಎಂದರು.
ಇರಲಿ ಎಂದು ಅವರಿಗೇ ಹೇಳಿ ಇಟ್ಟೆ:
ಪ್ರಶ್ನೆ ತಪ್ಪಿತ್ತು.